ಬಂಕಾಪುರದ ಕೋಟೆಗೆ ಹೋಗೋದಾದ್ರೆ ಬೆಳಿಗ್ಗೆನೇ ಹೋಗಿ

ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೊರಟರೆ ಶಿಗ್ಗಾವಿ ದಾಟಿದ ಮೇಲೆ ಬಂಕಾಪುರ. ಹೆದ್ದಾರಿ ಬಿಟ್ಟು ಎರಡ್ಮೂರು ಕಿಲೋಮೀಟರ್ ಒಳಗೆ, ಅಷ್ಟೇ. ಪಾರ್ಕು ಅಂತ ಹೇಳಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನನ್ನ ಮಗಳು ಗಾಡಿ ಇಳಿದವಳೇ, "ಮಮ್ಮಿ, ಜೋಕಾಲಿ ಎಲ್ಲದಾವ?" ಅಂದಳು. ಇಲ್ಲಿರೋದು ಹಳೇ ಕೋಟೆ, ಕಂದಕ, ಹುಲ್ಲು, ಮುಳ್ಳುಕಂಟಿ, ನವಿಲು. ನನಗೆ ಬೇಕಾಗಿದ್ದೂ ಅದೇ.

ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೇಯನಿಂದ ಊರಿಗೆ ಈ ಹೆಸರು. 1573ರಲ್ಲಿ ಬಿಜಾಪುರದ ಆದಿಲಶಾಹಿಗಳು ಕೋಟೆ ಗೆದ್ದರು. ಈಗ ಒಳಗಿನ 139 ಎಕರೆ ನವಿಲಿನದು. 2006ರಲ್ಲಿ ಇದನ್ನು ನವಿಲುಧಾಮ ಅಂತ ಘೋಷಿಸಿದರು. ಖಿಲಾರಿ ದನಗಳ ಸಾಕಣೆ ಕೇಂದ್ರವೂ ಇಲ್ಲೇ ಇದೆ. ಆ ಕೋಡು ನೋಡಿಯೇ ನಮ್ಮತ್ತೆ ಅರ್ಧ ತಾಸು ನಿಂತರು. ಒಕ್ಕಲುತನದ ಮನೆಯವರು ಅಲ್ವಾ.

ಹೊತ್ತು ಏರಿದ ಮೇಲೆ ಹೋದರೆ ಬರೀ ಕೂಗು ಕೇಳಿಸಿಕೊಂಡು ಬರುತ್ತೀರಿ. ಬಿಸಿಲಿಗೆ ನವಿಲು ಕಂಟಿಯೊಳಗೆ ಸೇರಿಬಿಡುತ್ತವೆ. ಬೆಳಿಗ್ಗೆ ಬೇಗ ಹೋಗಿ, ಒಂದು ಕಡೆ ಸುಮ್ನೆ ಕೂತುಬಿಡಿ. ನಾವು ಕೂತಲ್ಲಿಗೆ ಮೊದಲು ಬಂದದ್ದು ಹೇಂಟೆಗಳು, ಮಣ್ಣು ಕೆದರುತ್ತಾ. ಆಮೇಲೆ ಒಂದು ಗಂಡು ಗೋಡೆಯಿಂದ ಇಳಿಯಿತು. ಹಾರಲಿಲ್ಲ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಬಂತು, ಹಿಂದೆ ಗರಿಯೆಲ್ಲ ಸರಸರ ಎಳೆದುಕೊಂಡು. ಮಗಳು ಜೋಕಾಲಿ ಮರೆತಳು. ಕುಣಿತ ನೋಡಬೇಕಂದ್ರೆ ಮಳೆಗಾಲದ ಶುರುವಿನಲ್ಲಿ ಹೋಗಿ. ಮಳೆ ಮುಗಿದ ಮೇಲೆ ಗರಿ ಉದುರಿಸಿಕೊಂಡ ಗಂಡುಗಳೇ ಜಾಸ್ತಿ.

ನಗರೇಶ್ವರ ಗುಡಿ ಬಿಟ್ಟು ಬರಬೇಡಿ. ಊರಲ್ಲಿ ಅರವತ್ತು ಕಂಬದ ಗುಡಿ ಅಂತ ಕೇಳಿ, ದಾರಿ ತೋರಿಸುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದ್ದು. ನೆಲಕ್ಕಿಂತ ತಗ್ಗಿನಲ್ಲಿದೆ, ಮೆಟ್ಟಿಲು ಇಳಿದು ಹೋಗಬೇಕು. ತಿರುಗಣಿಗೆ ಹಾಕಿ ಕಡೆದ ದುಂಡನೆ ಕಂಬಗಳು, ಬಳೆ ಏರಿಸಿದ ಹಾಗೆ ಮೈತುಂಬ ಸುತ್ತುಗೆರೆ. ಕೈ ಆಡಿಸಿದರೆ ಎಲ್ಲೂ ಒರಟಿಲ್ಲ. ಹೊರಗೆ ಎಷ್ಟು ಬಿಸಿಲಿದ್ದರೂ ಕಲ್ಲು ತಣ್ಣಗಿತ್ತು.

ನೀರು, ಬುತ್ತಿ ಮನೆಯಿಂದಲೇ ಒಯ್ಯಿರಿ. ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು. ತಿಂದ ಕವರು ವಾಪಸ್ ತನ್ನಿ. ಅವತ್ತು ಒಂದು ಗುಂಪು ಮೊಬೈಲಿನಲ್ಲಿ ನವಿಲಿನ ಕೂಗು ಹಚ್ಚಿ ನವಿಲು ಕರೆಯುತ್ತಿತ್ತು. ಇದ್ದ ನವಿಲೂ ಓಡಿದವು. ಇಂಥವರು ಇಲ್ಲದ ದಿನ ಬೇಕಂದ್ರೆ ಭಾನುವಾರ ಬಿಟ್ಟು ಹೋಗಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ.