ಕೊಡಗಿನ ಮಳೆಗೆ ಯಾವ ಸಕ್ಯುಲೆಂಟ್? ನಾನು ಬೆಳೆಸಿ ನೋಡಿದ ನಾಲ್ಕು

ಮಡಿಕೇರಿ ಕಡೆಯವರು ಸಕ್ಯುಲೆಂಟ್, ಅಂದರೆ ದಪ್ಪ ಎಲೆ-ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಕೊಳ್ಳುವಾಗ ಮೊದಲು ಕೇಳುವುದು, 'ಇದು ಚಳಿ ತಡೆಯುತ್ತಾ?' ಅಂತ. ನಮ್ಮ ಡಿಸೆಂಬರ್ ರಾತ್ರಿಗಳು ಹತ್ತು-ಹನ್ನೆರಡು ಡಿಗ್ರಿಗೆ ಇಳಿಯುತ್ತವೆ, ಅಷ್ಟೇ. ಈ ಗಿಡಗಳಿಗೆ ಅದು ಹಿತವಾದ ಹವೆ. ಇಲ್ಲಿ ಕೇಳಬೇಕಾದ್ದು ಮಳೆಯ ವಿಚಾರ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹಾಗಾಗಿ ನಾಲ್ಕು ಜಾತಿಗಳನ್ನು ಒಂದೇ ಮಣ್ಣಿನಲ್ಲಿ ನೆಟ್ಟೆ. ಕೆಲವನ್ನು ಸೂರಿನಡಿ ಕುಂಡದಲ್ಲಿಟ್ಟೆ, ಕೆಲವನ್ನು ಮನೆ ಹಿಂದಿನ ಬರೆಯಲ್ಲಿ, ಅಂದರೆ ಇಳಿಜಾರಿನ ದಿಬ್ಬದಲ್ಲಿ, ಮಳೆಗೆ ಬಿಟ್ಟೆ.

ಮೊದಲು ಸೆಂಪರ್ವೈವಮ್. ಚಳಿ ತಡೆಯುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಆಲ್ಪ್ಸ್‌ನಂಥ ಬೆಟ್ಟಗಳ ಬಂಡೆ ಸಂದಿಯ ಗಿಡ. ಇದರ ಎಷ್ಟೋ ತಳಿಗಳು ಮೈನಸ್ 30 ಡಿಗ್ರಿಯಲ್ಲೂ ಬದುಕುತ್ತವೆ. ಯುರೋಪಿನಲ್ಲಿ ಇದನ್ನು ಮನೆಯ ಮಾಡಿನ ಮೇಲೇ ಬೆಳೆಸುತ್ತಿದ್ದರು. ಸಿಡಿಲಿನಿಂದ ಕಾಯುತ್ತದೆ ಅನ್ನುವ ನಂಬಿಕೆ. ಸುಮಾರು ಕ್ರಿ.ಶ. 800ರಲ್ಲಿ, ಷಾರ್ಲಮೇನ್ ಕಾಲದ ರಾಜಾಜ್ಞೆಯೊಂದರಲ್ಲಿ ತೋಟಗಾರ ತನ್ನ ಮನೆಯ ಮೇಲೆ ಇದನ್ನು ಇಟ್ಟುಕೊಂಡಿರಬೇಕು ಎಂಬ ಮಾತಿದೆ. ಆದರೆ ಅಲ್ಲಿನ ಚಳಿಗಾಲದಲ್ಲಿ ಗಿಡ ಹಿಮ ಹೊದ್ದು ಮಲಗಿರುತ್ತದೆ, ಬೆಳವಣಿಗೆಯೇ ಇರುವುದಿಲ್ಲ. ನಮ್ಮಲ್ಲಿ ಮಳೆ ಬರುವುದು ಇಪ್ಪತ್ತು ಡಿಗ್ರಿ ಆಸುಪಾಸಿನಲ್ಲಿ. ಬಿಸಿಲಿಲ್ಲ, ಗಾಳಿಯೂ ಒದ್ದೆ. ಮೆಣಸಿನ ಬಳ್ಳಿಗೆ ಸೊರಗು ರೋಗ ಬರುವುದೂ ಇದೇ ಹೊತ್ತಿನಲ್ಲಿ ಅಲ್ವಾ? ಬರೆಯಲ್ಲಿದ್ದ ಸೆಂಪರ್ವೈವಮ್ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಕೊಳೆತು ಹೋಯಿತು. ಸೂರಿನಡಿ ಇದ್ದವು ಉಳಿದವು. ಆದರೆ ಬೆಳಕು ಸಾಲದೆ ಎಲೆ ಬಿಚ್ಚಿಕೊಂಡು ಹಸಿರಾದವು. ನವೆಂಬರ್ ಬಿಸಿಲಿಗೆ ಮತ್ತೆ ಬಿಗಿಯಾಗಿ, ತುದಿ ಕೆಂಪಾಗಿ, ಸುತ್ತ ಮರಿ ಹಾಕಿದವು.

ಎಚೆವೆರಿಯಾ ಮೆಕ್ಸಿಕೋ ಕಡೆಯದು. ಹಿಮ ಬೀಳುವ ದೇಶದವರು ಚಳಿಗಾಲಕ್ಕೆ ಇದನ್ನು ಮನೆಯೊಳಗೆ ಒಯ್ಯಬೇಕು. ಹೆಚ್ಚಿನ ತಳಿಗಳು ಗಟ್ಟಿ ಹಿಮ ತಾಳುವುದಿಲ್ಲ. ನಮಗೆ ಆ ಕಷ್ಟ ಇಲ್ಲ, ನಾವು ಮಳೆಗೆ ಒಳಗೆ ಒಯ್ಯಬೇಕು. ಇದರ ಎಲೆಗಳು ಬಟ್ಟಲಿನ ಹಾಗೆ ಜೋಡಿಸಿಕೊಂಡಿರುವುದರಿಂದ ಸುಳಿಯಲ್ಲಿ ನೀರು ನಿಲ್ಲುತ್ತದೆ. ಕೊಳೆ ಶುರುವಾಗುವುದನ್ನು ಹತ್ತಿರದಿಂದ ನೋಡಿ. ಕೆಳಗಿನ ಒಂದು ಎಲೆ ಹಳದಿಯಾಗಿ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಬೆರಳು ತಾಗಿಸಿದರೆ ಸಾಕು, ಕಳಚಿ ಬೀಳುತ್ತದೆ. ಅದು ಕೂತಿದ್ದ ಜಾಗದಲ್ಲಿ ಕಾಂಡ ಕಪ್ಪಾಗಿರುತ್ತದೆ. ಆಗ ತಡ ಮಾಡಬಾರದು. ಕಪ್ಪಿನ ಗುರುತು ಪೂರ್ತಿ ಹೋಗುವ ತನಕ ಮೇಲಕ್ಕೆ ಮೇಲಕ್ಕೆ ಕತ್ತರಿಸಿ. ಕಾಂಡದ ಒಳಗೆ ಎಲ್ಲ ಕಡೆ ಒಂದೇ ತಿಳಿ ಬಣ್ಣ ಕಂಡಮೇಲೆ ತಲೆಯನ್ನು ನೆರಳಲ್ಲಿ ಹಾಗೇ ಇಡಿ, ಗಾಯ ಒಣಗಲಿ. ವಾರದ ಮೇಲೆ ಒಣ ಮಿಶ್ರಣದ ಮೇಲೆ ಕೂರಿಸಿದರೆ ಬೇರು ಬಿಡುತ್ತದೆ. ಕುಶಾಲನಗರದ ನಮ್ಮ ಅತ್ತೆ ಮನೆಯಲ್ಲಿ ಇದೇ ಎಚೆವೆರಿಯಾ ಅಂಗಳದಲ್ಲೇ ಚೆನ್ನಾಗಿದೆ. ಅಲ್ಲಿ ಮಳೆ ನಮ್ಮ ಅರ್ಧವೂ ಇಲ್ಲ.

ನನಗೆ ಅತಿ ಇಷ್ಟವಾದದ್ದು ಗೋಸ್ಟ್ ಪ್ಲಾಂಟ್, ಅಂದರೆ ಗ್ರಾಪ್ಟೊಪೆಟಲಮ್. ನೋಡಲು ಎಚೆವೆರಿಯಾ ತಂಗಿಯ ಹಾಗೆ, ಬೂದಿ ಬಣ್ಣ. ಇದೂ ಮೆಕ್ಸಿಕೋದ್ದೇ, ಆದರೆ ಸ್ವಲ್ಪ ಹಿಮವನ್ನೂ ತಾಳಿಕೊಳ್ಳುತ್ತದೆ. ಕಾಂಡ ಉದ್ದವಾಗಿ ಜೋತು ಬೀಳುವುದರಿಂದ ಸುಳಿ ಓರೆಯಾಗಿ ನೀರು ಇಳಿದು ಹೋಗುತ್ತದೆ. ಬರೆಯ ಕಲ್ಲು ಸಂದಿಯಲ್ಲಿ ನೆಟ್ಟದ್ದು ಇಡೀ ಮಳೆಗಾಲ ಹೊರಗೇ ನಿಂತು ಗೆದ್ದಿದೆ. ಒಂದಷ್ಟು ಎಲೆ ಉದುರಿತು, ನಿಜ. ಉದುರಿದ ಎಲೆಗಳೇ ಕಲ್ಲಿನ ಬುಡದಲ್ಲಿ ಮರಿ ಹಾಕಿವೆ.

ಸೀಡಂ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನೆಲಕ್ಕೆ ಹರಡುವ ಹಳದಿ-ಹಸಿರು ಬಣ್ಣದ ಮೆಕ್ಸಿಕನ್ ಸೀಡಂ ಸೆಕೆ, ತೇವ ಎರಡನ್ನೂ ತಾಳುತ್ತದೆ. ಇಳಿಜಾರಾಗಿದ್ದರೆ ಸಾಕು. ಬಸವನಹುಳು ಮಾತ್ರ ಇದನ್ನು ರಾತ್ರಿಯೆಲ್ಲ ಮೇಯುತ್ತದೆ. ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ಮಣ್ಣು ಮತ್ತು ಕುಂಡ ಗಿಡದಷ್ಟೇ ಮುಖ್ಯ. ನಾನು ಹಾಕುವುದು ಒಂದು ಪಾಲು ತೋಟದ ಮಣ್ಣು, ಎರಡು ಪಾಲು ಬೇಬಿ ಜಲ್ಲಿ ಮತ್ತು ಒಡೆದ ಹೆಂಚಿನ ಚೂರು. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಪುಡಿ ತೆಗೆಯಿರಿ, ಇಲ್ಲದಿದ್ದರೆ ಗಟ್ಟಿ ಕೂರುತ್ತದೆ. ಕಾಫಿ ಸಿಪ್ಪೆ ಗೊಬ್ಬರ ಬೇಡ, ನೀರು ಹಿಡಿಯುತ್ತದೆ. ಮಣ್ಣಿನ ಕುಂಡವೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅದರ ಗೋಡೆಯಿಂದ ನೀರು ಆರಬೇಕಾದರೆ ಗಾಳಿ ಒಣಗಿರಬೇಕು. ಜುಲೈಯಲ್ಲಿ ಕುಂಡದ ಮೈಗೆಲ್ಲ ಪಾಚಿ ಹಿಡಿದಿರುವಾಗ ಅದಕ್ಕೂ ಪ್ಲಾಸ್ಟಿಕ್‌ಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕುಂಡವನ್ನು ಎರಡು ಇಟ್ಟಿಗೆ ಮೇಲೆ ಎತ್ತಿ ಇಟ್ಟಿದ್ದರಿಂದ ಮಾತ್ರ ವ್ಯತ್ಯಾಸ ಆಯಿತು. ತೂತಿನ ಕೆಳಗೆ ಗಾಳಿ ಆಡಬೇಕು.

ಇನ್ನೊಂದು ಸಂಗತಿ. ಉತ್ತರ ಅಮೆರಿಕದಲ್ಲಿ, ಕೆನಡಾದವರೆಗೂ ಬೆಳೆಯುವ ಒಂದು ಪಾಪಾಸುಕಳ್ಳಿ ಚಳಿಗೆ ಮುಂಚೆ ಒಳಗಿನ ನೀರು ಇಳಿಸಿಕೊಂಡು ಸುಕ್ಕುಗಟ್ಟಿ ಮಲಗುತ್ತದೆ. ಹಾಗಾಗಿ ಒಳಗಿನ ನೀರು ಹೆಪ್ಪುಗಟ್ಟಿ ಅದು ಒಡೆಯುವುದಿಲ್ಲ. ನಾನು ಮೇ ತಿಂಗಳಲ್ಲಿ ಅದನ್ನೇ ಮಾಡುತ್ತೇನೆ. ಗೊಬ್ಬರ ನಿಲ್ಲಿಸಿ, ನೀರು ಕಮ್ಮಿ ಮಾಡಿ, ಎಲೆ ಸ್ವಲ್ಪ ಮೆತ್ತಗಾಗಲು ಬಿಡುತ್ತೇನೆ. ಕೊಬ್ಬಿದ ಗಿಡಗಳೇ ಮಳೆಗೆ ಮೊದಲು ಕೊಳೆಯುವುದು.

ಭಾಗಮಂಡಲ, ಗಾಳಿಬೀಡಿನಂಥ ಜೋರು ಮಳೆಯ ಕಡೆಯವರು ಹೊರಗೆ ಗೋಸ್ಟ್ ಪ್ಲಾಂಟ್, ಸೀಡಂ ಎರಡನ್ನೇ ನೆಡಿ. ಸೆಂಪರ್ವೈವಮ್ ಬೇಕೇ ಬೇಕು ಅನ್ನುವವರು ಅಗಲವಾದ, ಆಳ ಇಲ್ಲದ ಕುಂಡದಲ್ಲಿ ಪೂರ್ವದ ಸೂರಿನಡಿ ಇಡಿ. ಕೊಳ್ಳುವುದು ನವೆಂಬರ್‌ನಲ್ಲಿ ಆಗಲಿ. ಮಳೆ ಬರುವ ಹೊತ್ತಿಗೆ ಬೇರು ಊರಿರುತ್ತದೆ.