ಎಂಟು ತಿಂಗಳು ಜೆಂಟೂ ಜೊತೆ ಸಂಸಾರ

ನನ್ನ ಲ್ಯಾಪ್‌ಟಾಪ್ ಇಂಟೆಲ್ ಪ್ರೊಸೆಸರುಗಳ ಹ್ಯಾಸ್ವೆಲ್ ತಲೆಮಾರಿನ ಕಾಲದ್ದು. ಐ5-4300ಯು ಪ್ರೊಸೆಸರ್, ಎರಡು ಕೋರ್, ನಾಲ್ಕು ಥ್ರೆಡ್, 8 ಜಿಬಿ ರ‍್ಯಾಮ್. ಹಳೆಯದೇ ಹೌದು, ಆದರೆ ಲೆಕ್ಕ ಬೇಗ ಮುಗಿಸಲು ಚಿಪ್ಪಿಗೆ ಸೇರಿಸಿದ ಎವಿಎಕ್ಸ್2, ಎಫ್ಎಂಎ, ಬಿಎಂಐ2 ಇನ್‌ಸ್ಟ್ರಕ್ಷನ್‌ಗಳೆಲ್ಲ ಅದರೊಳಗಿವೆ. ಡೆಬಿಯನ್‌ನಂಥ ಲಿನಕ್ಸ್‌ಗಳು ತಮ್ಮ ಪ್ಯಾಕೇಜುಗಳನ್ನು 2003ರ ಮೊದಲ 64 ಬಿಟ್ ಎಎಂಡಿ ಚಿಪ್ಪಿನಲ್ಲೂ ಓಡುವ ಹಾಗೆ ಕಟ್ಟುತ್ತವೆ. ಚಿಪ್ಪಿನಲ್ಲಿ ಇರುವುದನ್ನು ಬಳಸದೆ ಕೂರುವುದು ಯಾವ ನ್ಯಾಯ ಅನ್ನಿಸಿ ಜೆಂಟೂ ಹಾಕಿದೆ. ಪ್ಯಾಕೇಜುಗಳನ್ನು ಮೂಲ ಕೋಡಿನಿಂದ ನಮ್ಮ ಕಂಪ್ಯೂಟರಿನಲ್ಲೇ ಕಟ್ಟಿಕೊಳ್ಳುವ, ಅಂದರೆ ಕಂಪೈಲ್ ಮಾಡಿಕೊಳ್ಳುವ ಲಿನಕ್ಸ್ ಅದು.

ಜೆಂಟೂವಿನ ಸೆಟ್ಟಿಂಗ್ ಕಡತ ಮೇಕ್.ಕಾನ್ಫ್‌ನಲ್ಲಿ ‘ಮಾರ್ಚ್=ನೇಟಿವ್, ಒ2’ ಎಂದು ಒಂದು ಸಾಲು ಬರೆದರೆ ಸಾಕು, ತಾನು ಕೂತಿರುವ ಪ್ರೊಸೆಸರ್ ಯಾವುದೆಂದು ಕಂಪೈಲರ್ ಜಿಸಿಸಿಯೇ ವಿಚಾರಿಸಿಕೊಂಡು ಅದಕ್ಕೆ ತಕ್ಕಂತೆ ಕಟ್ಟುತ್ತದೆ. ಒ2 ಅನ್ನುವುದು ಕೋಡನ್ನು ಎಷ್ಟು ಚುರುಕುಗೊಳಿಸಬೇಕು ಎಂಬ ಮಟ್ಟ. ಅದಕ್ಕೂ ಮೇಲಿನ ಒ3 ಹಾಕುವ ಆಸೆ ನನಗೂ ಬಂದಿತ್ತು. ಇಡೀ ಸಿಸ್ಟಮ್‌ಗೆ ಅದು ಬೇಡ ಅಂತ ಜೆಂಟೂ ವಿಕಿಯಲ್ಲೇ ಇದೆ, ಸುಮ್ಮನಾದೆ.

ಕಾಯುವುದಕ್ಕೆ ಮಾತ್ರ ತಾಳ್ಮೆ ಬೇಕು. ಸಣ್ಣಪುಟ್ಟ ಪ್ಯಾಕೇಜು ನಿಮಿಷಗಳಲ್ಲಿ ಮುಗಿಯುತ್ತವೆ. ಬ್ರೌಸರ್ ಎಂಜಿನ್ನಿನಷ್ಟೇ ದೊಡ್ಡದಾದ ಕ್ಯೂಟಿ ವೆಬ್‌ಎಂಜಿನ್ ಮಾತ್ರ ರಾತ್ರಿ ಶುರುಮಾಡಿದ್ದು ಬೆಳಿಗ್ಗೆ ಎದ್ದಾಗಲೂ ಮುಗಿದಿರಲಿಲ್ಲ. ಒಂದೊಂದು ಕಂಪೈಲ್ ಜಾಬ್‌ಗೆ 2 ಜಿಬಿ ರ‍್ಯಾಮ್ ಎಂಬ ಲೆಕ್ಕದಲ್ಲಿ ನನ್ನ 8 ಜಿಬಿ ನಾಲ್ಕು ಜಾಬ್‌ಗೆ ಸರಿಹೋಗುತ್ತದೆ. ಪಕ್ಕದಲ್ಲಿ ಬ್ರೌಸರ್ ತೆರೆದಿರೋ, ರ‍್ಯಾಮ್ ಸಾಲದೆ ಡಿಸ್ಕನ್ನು ಬಳಸುವ ಸ್ವಾಪ್ ಶುರು, ಮೌಸ್ ಪಾಯಿಂಟರ್ ಕೂಡ ತೂಕಡಿಸುತ್ತದೆ. ಮೂರು ಜಾಬ್‌ಗೆ ಇಳಿಸಿದ ಮೇಲೆ ಬದುಕಿಕೊಂಡೆ.

ವೇಗ ಬಂತಾ? ದಿನನಿತ್ಯದ ಕೆಲಸದಲ್ಲಿ ನನಗೆ ಗೊತ್ತಾಗುವಷ್ಟು ಬರಲಿಲ್ಲ. ವಿಡಿಯೊದ ಎಫ್ಎಫ್‌ಎಂಪೆಗ್, ಗೂಢಲಿಪಿಯ ಓಪನ್‌ಎಸ್‌ಎಸ್‌ಎಲ್ ಥರದವು ಓಡುವ ಹೊತ್ತಿಗೆ ಪ್ರೊಸೆಸರನ್ನು ನೋಡಿಕೊಂಡು, ಅದಕ್ಕೊಪ್ಪುವ ಅಸೆಂಬ್ಲಿ ಕೋಡನ್ನು ತಾವೇ ಆರಿಸಿಕೊಳ್ಳುತ್ತವೆ. ಡೆಬಿಯನ್‌ನಲ್ಲೂ ಅವು ಎವಿಎಕ್ಸ್2 ಬಳಸುತ್ತಲೇ ಇದ್ದವು! ಪೈಥಾನ್ ಚುರುಕಾಗಿದ್ದು ನಿಜ, ಆದರೆ ಆ ಪುಣ್ಯ ನಾನು ಆನ್ ಮಾಡಿದ ಪಿಜಿಒ ಯೂಸ್ ಫ್ಲ್ಯಾಗಿನದು. ಯೂಸ್ ಫ್ಲ್ಯಾಗು ಅಂದರೆ ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎನ್ನುವ ಜೆಂಟೂ ಸ್ವಿಚ್ಚು; ಪಿಜಿಒ ಅಂದರೆ ಪ್ರೋಗ್ರಾಮನ್ನು ಒಮ್ಮೆ ಓಡಿಸಿ ನೋಡಿ, ಅದಕ್ಕೆ ತಕ್ಕಂತೆ ಮತ್ತೆ ಕಟ್ಟುವುದು. ಕಣ್ಣಿಗೆ ಕಾಣುವ ಲಾಭ ಸಿಕ್ಕಿದ್ದು ಒಂದೇ ಕಡೆ, ನಾನು ಬರೆದುಕೊಂಡ ಮ್ಯಾಟ್ರಿಕ್ಸ್ ಲೆಕ್ಕದ ಪ್ರೋಗ್ರಾಮುಗಳಲ್ಲಿ. ಅವು ಐಗನ್ ಲೈಬ್ರರಿ ಮೇಲೆ ನಿಂತಿವೆ, ಐಗನ್ ಯಾವ ಇನ್‌ಸ್ಟ್ರಕ್ಷನ್ ಬಳಸಬೇಕೆಂದು ಕಂಪೈಲ್ ಆಗುವಾಗಲೇ ತೀರ್ಮಾನಿಸುತ್ತದೆ. ಇಲ್ಲಿ ಜೆಂಟೂ ಇನ್ನೊಂದು ತಲೆನೋವನ್ನೂ ತಪ್ಪಿಸಿತು. ನನ್ನ ಪ್ರೋಗ್ರಾಮನ್ನಷ್ಟೇ ಎವಿಎಕ್ಸ್‌ಗೆ ಕಟ್ಟಿ, ಅದು ನೆಚ್ಚಿರುವ ಐಗನ್ ಆಧಾರಿತ ಲೈಬ್ರರಿಗಳನ್ನು ಹಳೆಯ ಕಂಪೈಲರ್ ಫ್ಲ್ಯಾಗಿನಲ್ಲೇ ಬಿಟ್ಟರೆ, ಮೆಮೊರಿ ಅಲೈನ್‌ಮೆಂಟ್ (ಡೇಟಾ ಕೂರುವ ವಿಳಾಸದ ಲೆಕ್ಕ) ಹೊಂದದೆ ಪ್ರೋಗ್ರಾಮು ಕ್ರ್ಯಾಶ್ ಆಗಬಹುದು. ಹಿಂದೆ ಅದಕ್ಕೆ ಒಂದು ಭಾನುವಾರ ಪೂರ್ತಿ ಹೋಗಿತ್ತು. ಈಗ ಎಲ್ಲ ಒಂದೇ ಫ್ಲ್ಯಾಗಿನಲ್ಲಿ ಕಟ್ಟಿದ್ದು.

ಇನ್ನು ನನ್ನ ಘನಕಾರ್ಯ. ಆರನೇ ತಿಂಗಳಲ್ಲಿ ಲ್ಯಾಪ್‌ಟಾಪ್ ಕೀಬೋರ್ಡ್ ಕೈಕೊಟ್ಟಿತು. ಡಿಸ್ಕ್ ಬಿಚ್ಚಿ ಡೆಸ್ಕ್‌ಟಾಪ್‌ಗೆ ಹಾಕಿದೆ. ಅದು ಐವಿ ಬ್ರಿಜ್, ಹ್ಯಾಸ್ವೆಲ್‌ಗಿಂತ ಒಂದೇ ತಲೆಮಾರು ಹಿಂದಿನದು, ಎವಿಎಕ್ಸ್2 ಇಲ್ಲ, ಬಿಎಂಐ2 ಇಲ್ಲ. ಕರ್ನಲ್ ಏನೋ ಎದ್ದಿತು. ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಮು ಇನಿಟ್ ಶುರುವಾದ ಕ್ಷಣಕ್ಕೇ ‘ಅಟೆಂಪ್ಟೆಡ್ ಟು ಕಿಲ್ ಇನಿಟ್’ ಎಂದು ಪ್ಯಾನಿಕ್, ಕೊನೆಯಲ್ಲಿ ಎಕ್ಸಿಟ್‌ಕೋಡ್ 4. ನಾಲ್ಕು ಅಂದರೆ ಸಿಗ್‌ಇಲ್, ಪ್ರೊಸೆಸರ್‌ಗೆ ಅರ್ಥವಾಗದ ಇನ್‌ಸ್ಟ್ರಕ್ಷನ್. ‘ನೇಟಿವ್’ ಎಂದು ನಾನೇ ಕೈಯಾರೆ ಬರೆದದ್ದು, ಬೈಯೋಣ ಅಂದರೆ ಬೇರೆ ಯಾರೂ ಇರಲಿಲ್ಲ. ಯುಎಸ್‌ಬಿಯಿಂದ ಬೂಟ್ ಮಾಡಿ ಫೈಲುಗಳನ್ನಷ್ಟೇ ಎತ್ತಿಕೊಂಡೆ.

ಹೊಸಬರಿಗೆ ಒಂದು ಮಾತು. 2023ರ ಡಿಸೆಂಬರ್‌ನಿಂದ ಜೆಂಟೂ ಸಿದ್ಧ ಬೈನರಿ ಪ್ಯಾಕೇಜುಗಳನ್ನೂ ಕೊಡುತ್ತಿದೆ, ಆಮೇಲೆ 64 ಬಿಟ್ ಚಿಪ್ಪುಗಳ ಎಕ್ಸ್86-64-ವಿ3 ಮಟ್ಟಕ್ಕೆ ಕಟ್ಟಿದವೂ ಬಂದವು. ವಿ3 ಅಂದರೆ ಹೆಚ್ಚುಕಡಿಮೆ ಹ್ಯಾಸ್ವೆಲ್‌ನ ಇನ್‌ಸ್ಟ್ರಕ್ಷನ್ ಪಟ್ಟಿಯೇ. ನಿಮ್ಮ ಯೂಸ್ ಫ್ಲ್ಯಾಗು ಅವಕ್ಕೆ ಹೊಂದಿದರೆ ಡೌನ್‌ಲೋಡ್, ಇಲ್ಲದಿದ್ದರೆ ಮತ್ತೆ ಕಂಪೈಲ್. ನಾನು ಎರಡು ತಿಂಗಳ ಹಿಂದೆ ನೇಟಿವ್ ಅಳಿಸಿ ವಿ3 ಬರೆದೆ. ಐಗನ್ ಪ್ರೋಗ್ರಾಮುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ವೆಬ್‌ಎಂಜಿನ್ ಈಗ ಡೌನ್‌ಲೋಡ್ ಆಗಿ ಬರುತ್ತದೆ. ಕೀಬೋರ್ಡ್ ಬದಲಾಯಿಸಿದೆ. ಡೆಸ್ಕ್‌ಟಾಪ್‌ಗೆ ಬೇರೆಯೇ ಡಿಸ್ಕ್, ಅದರಲ್ಲಿ ಎವಿಎಕ್ಸ್2 ಬೇಡದ ಕೆಳಗಿನ ಮಟ್ಟ, ವಿ2.