ಕೂಸಿನ ಕಾಮಾಲೆಗೆ ಅಂಗಳದ ಬಿಸಿಲೋ, ಆಸ್ಪತ್ರೆಯ ಲೈಟೋ?

ಮೂರನೇ ದಿನ ಕೂಸಿನ ಕಣ್ಣು ಹಳದಿ ಕಂಡರೆ ಬದಿಯಡ್ಕದ ಅಜ್ಜಿಯಂದಿರು ಹೇಳುವುದು ಒಂದೇ: "ಬೆಳಗ್ಗಿನ ಬಿಸಿಲು ಕಾಯಿಸಿ." ಮಾತು ಪೂರ್ತಿ ಸುಳ್ಳಲ್ಲ. ಬೆಳಕು ಬಿದ್ದರೆ ಚರ್ಮವನ್ನು ಹಳದಿ ಮಾಡುವ ಬಿಲಿರುಬಿನ್ ಎಂಬ ವಸ್ತು ರೂಪ ಬದಲಿಸಿ ಮಲ, ಮೂತ್ರದಲ್ಲಿ ಹೊರಗೆ ಹೋಗುತ್ತದೆ.

ಆದರೆ ಬಿಸಿಲಿಗೆ ಅಳತೆ ಎಲ್ಲಿದೆ? ಜಡಿಮಳೆಯ ಆಟಿ ತಿಂಗಳಲ್ಲಿ ಸೂರ್ಯನೇ ಕಾಣುವುದಿಲ್ಲ. ಬೇಸಿಗೆಯಲ್ಲಿ ಎಳೆ ಚರ್ಮ ಸುಡುತ್ತದೆ.

ಆಸ್ಪತ್ರೆಯ ನೀಲಿ ಲೈಟು ಸುಮಾರು 460ರಿಂದ 490 ನ್ಯಾನೋಮೀಟರ್ ತರಂಗಾಂತರದ್ದು, ಈ ಕೆಲಸಕ್ಕೇ ಹೊಂದಿಸಿದ್ದು. ಕಣ್ಣಿಗೆ ಪಟ್ಟಿ, ಸೊಂಟಕ್ಕೆ ಡೈಪರ್, ಅಷ್ಟೇ. ಬಾಣಂತಿಗೆ ನೋಡಲು ಸಂಕಟವೇ. ಸಾಮಾನ್ಯವಾಗಿ ಹಾಲು ಕುಡಿಸಲು ಕೂಸನ್ನು ಹೊರಗೆ ಕೊಡುತ್ತಾರೆ.

ನನ್ನ ಆಯ್ಕೆ? ಮೊದಲು ಬಿಲಿರುಬಿನ್ ಪರೀಕ್ಷೆ. ಕಡಿಮೆ ಇದ್ದರೆ ಲೈಟೂ ಬೇಡ, ಬಿಸಿಲೂ ಬೇಡ. ದಿನಕ್ಕೆ 8ರಿಂದ 12 ಸಲ ಎದೆಹಾಲು ಕೊಡಿ. ಜಾಸ್ತಿ ಇದ್ದರೆ ಲೈಟೇ. ಗ್ಲುಕೋಸ್ ನೀರು ಸುಮ್ನೆ ಕುಡಿಸಬೇಡಿ.

ಹುಟ್ಟಿದ 24 ಗಂಟೆಯೊಳಗೆ ಹಳದಿ ಬಂದರೆ, ಅಂಗಾಲಿಗೂ ಇಳಿದರೆ, ಕೂಸು ಹಾಲು ಬಿಟ್ಟು ಮಂಕಾದರೆ, ಮಲ ಸುಣ್ಣದಂತೆ ಬಿಳಿಚಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಗಾಡಿ ಹತ್ತಿಸಿ.